ಕಡಲಿನ ಕೆಂಪು ಹೊಳಪು: ಪ್ಲಾಂಕ್ಟನ್ ಬೆಳಕನ್ನು ಉಪಗ್ರಹದಿಂದ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ, ಸಸ್ಯದಂಥ ತೀರಾ ಸಣ್ಣ ಜೀವಿಗಳು) ಬೆಳಕು ಬೀರುತ್ತದೆ, ಅದನ್ನು ಉಪಗ್ರಹ ನೋಡುತ್ತದೆ ಅಂದ ಕೂಡಲೇ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿಗಳು ಕೇಳುತ್ತಾರೆ, ಕರಾವಳಿಯ ನೆಂಟರು ಕೇಳುತ್ತಾರೆ, ಕೋಡ್ ಬರೆಯುವ ಗೆಳೆಯರು ಕೇಳುತ್ತಾರೆ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಲೆಕ್ಕ ಸ್ವಲ್ಪ ಇದೆ. ಕೂಡಿಸಿ ಕಳೆಯಲು ಬಂದರೆ ಸಾಕು.

ಬೆಳಕು ಬೀರುತ್ತದೆ ಅಂದರೆ, ರಾತ್ರಿ ಬೀಚಿನಲ್ಲಿ ಅಲೆ ನೀಲಿಯಾಗಿ ಹೊಳೆಯುತ್ತದಲ್ಲ, ಅದಾ?

ಅದಲ್ಲ. 2020ರ ಕೊನೆಗೆ ಕಾರವಾರ, ಉಡುಪಿ, ಮಂಗಳೂರು ಕಡೆಯ ತೀರಗಳಲ್ಲಿ ಅಲೆಗಳು ನೀಲಿಯಾಗಿ ಹೊಳೆದ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಅದು ನಾಕ್ಟಿಲೂಕ ಎಂಬ ಜೀವಿಯ ಕೆಲಸ. ಅಲೆ ಬಡಿದಾಗ ಅದರ ದೇಹದೊಳಗೆ ಒಂದು ರಾಸಾಯನಿಕ ಕ್ರಿಯೆ ನಡೆದು ಬೆಳಕು ಚಿಮ್ಮುತ್ತದೆ. ಇದು ಜೈವಿಕ ದೀಪ್ತಿ. ಮಿಂಚುಹುಳದ ಜಾತಿಗೆ ಸೇರಿದ ಬೆಳಕು.

ನಾವು ಮಾತಾಡುತ್ತಿರುವುದು ಹಗಲಿನ ಬೆಳಕಿನ ಬಗ್ಗೆ. ಕ್ಲೋರೊಫಿಲ್ ಇರುವ ಪ್ರತಿ ಜೀವಕೋಶವೂ ಬಿಸಿಲು ಹೀರಿದ ಮೇಲೆ ಅದರಲ್ಲಿ ಒಂದು ಚೂರನ್ನು ಕೆಂಪು ಬೆಳಕಾಗಿ ವಾಪಸ್ ಬಿಡುತ್ತದೆ. ಇದಕ್ಕೆ ಪ್ರತಿದೀಪ್ತಿ ಅನ್ನುತ್ತಾರೆ. ಬಿಸಿಲು ಹೋದ ಮರುಕ್ಷಣ ಇದೂ ಇಲ್ಲ. ಮರದ ಎಲೆ, ಗದ್ದೆಯ ಪೈರು, ಬಾವಿಕಟ್ಟೆಯ ಪಾಚಿ, ಎಲ್ಲವೂ ಈಗ ಹೀಗೆ ಹೊಳೆಯುತ್ತಿವೆ. ನಮಗೆ ಕಾಣುವುದಿಲ್ಲ ಅಷ್ಟೇ.

ಕಣ್ಣಾರೆ ನೋಡಬೇಕಲ್ಲ. ಮನೆಯಲ್ಲಿ ಆಗುತ್ತದಾ?

ಆಗುತ್ತದೆ. ಈ ವಿಷಯ ಓದುವವರೆಲ್ಲ ಒಮ್ಮೆಯಾದರೂ ಮಾಡಲೇಬೇಕು.

ಒಂದು ಹಿಡಿ ಪಾಲಕ್ ಸೊಪ್ಪು ತೆಗೆದುಕೊಳ್ಳಿ. ಸಣ್ಣಗೆ ಹೆಚ್ಚಿ ಜಜ್ಜಿ, ಮೆಡಿಕಲ್ ಶಾಪಿನ ಸ್ಪಿರಿಟ್ ಹಾಕಿ ಅರ್ಧ ಗಂಟೆ ಮುಚ್ಚಿಡಿ. ಒಲೆಯ ಹತ್ತಿರ ಬೇಡ, ಸ್ಪಿರಿಟ್ ಬೇಗ ಹತ್ತಿಕೊಳ್ಳುತ್ತದೆ. ಹಸಿರು ರಸವನ್ನು ಗಾಜಿನ ಲೋಟಕ್ಕೆ ಸೋಸಿ, ದೀಪ ಆರಿಸಿ, ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಹಸಿರು ರಸ ದಾಳಿಂಬೆ ರಸದ ಹಾಗೆ ಕೆಂಪಾಗುತ್ತದೆ. ಮೊದಲ ಸಲ ನೋಡಿದವರು ಟಾರ್ಚ್ ಆರಿಸಿ, ಹಚ್ಚಿ, ಮತ್ತೆ ಆರಿಸಿ ನೋಡುವುದನ್ನು ನಾನು ತುಂಬಾ ಸಲ ಕಂಡಿದ್ದೇನೆ.

ಈಗ ಅದೇ ಟಾರ್ಚನ್ನು ಹಸಿ ಎಲೆಯ ಮೇಲೆ ಬಿಡಿ. ಕೆಂಪು ಕಂಡರೂ ತೀರಾ ಮಂಕು. ಯಾಕೆ? ಬದುಕಿರುವ ಎಲೆಯಲ್ಲಿ ಹೀರಿದ ಬೆಳಕಿಗೆ ಮಾಡಲು ಕೆಲಸವಿದೆ, ಅದು ಆಹಾರ ತಯಾರಿಕೆಗೆ ಹೋಗುತ್ತದೆ. ಲೋಟದಲ್ಲಿ ಕ್ಲೋರೊಫಿಲ್ ಒಂಟಿ. ಕೆಲಸ ಮಾಡಿಸುವ ಯಂತ್ರವೇ ಇಲ್ಲ. ದ್ರಾವಣದಲ್ಲಿ ಹೀರಿದ ಬೆಳಕಿನ ನೂರಕ್ಕೆ ಸುಮಾರು 30 ಕಣ ಹೊಳಪಾಗಿ ಹೊರಬರಬಹುದು. ಬಿಸಿಲಿನಲ್ಲಿರುವ ಪ್ಲಾಂಕ್ಟನ್‌ನಲ್ಲಿ ಅದು ನೂರಕ್ಕೆ 1ರ ಆಸುಪಾಸು. ಮುಂದೆ ಬರುವ ಎಲ್ಲ ತಲೆನೋವೂ ಈ ವ್ಯತ್ಯಾಸದಲ್ಲೇ ಅಡಗಿದೆ.

ಹಾಗಾದರೆ ಸಮುದ್ರ ಕೆಂಪಗೆ ಯಾಕೆ ಕಾಣುವುದಿಲ್ಲ?

ನೀರಿನಿಂದ ಚದುರಿ ಬರುವ ನೀಲಿ, ಹಸಿರು ಬೆಳಕಿನ ಮುಂದೆ ಇದು ಏನೇನೂ ಅಲ್ಲ. ಜೊತೆಗೆ ಈ ಹೊಳಪಿನ ಶಿಖರ ಇರುವುದು 685 ನ್ಯಾನೋಮೀಟರ್ ಹತ್ತಿರ. ಅಲ್ಲಿ ನಮ್ಮ ಕಣ್ಣು ಬಹಳ ಮಂದ.

ಹೀರಿದ ಬೆಳಕು ಎಲ್ಲೆಲ್ಲಿಗೆ ಹೋಗುತ್ತದೆ?

ಮೂರು ದಾರಿ. ಒಂದು, ದ್ಯುತಿಸಂಶ್ಲೇಷಣೆ. ಎರಡು, ಶಾಖ. ಮೂರು, ಕೆಂಪು ಹೊಳಪು. ಮೂರೂ ಸೇರಿ ನೂರಕ್ಕೆ ನೂರು. 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಸಮುದ್ರಗಳ ಅಳತೆ ಸೇರಿಸಿ ನೋಡಿದಾಗ, ಸರಾಸರಿ ನೂರಕ್ಕೆ 60ರಷ್ಟು ಶಾಖವಾಗಿ ಹೋಗುತ್ತದೆ, 35ರಷ್ಟು ಮಾತ್ರ ಆಹಾರ ತಯಾರಿಕೆಗೆ ಬಳಕೆಯಾಗುತ್ತದೆ, ಮಿಕ್ಕಿದ್ದು ಹೊಳಪು ಎಂದು ಕಂಡಿತು. ಉಪಗ್ರಹ ನೋಡುವ ಮೇಲ್ಪದರದಲ್ಲಿ, ನಡುಹಗಲಿನ ಬಿಸಿಲಿನಲ್ಲಿ ಹೊಳಪಿನ ಪಾಲು ಇನ್ನೂ ಕಡಿಮೆ.

ಅಂದರೆ ಉಪಗ್ರಹಕ್ಕೆ ಸಿಗುವುದು ಮಿಕ್ಕಿದ್ದು. ಮದುವೆ ಮನೆಯಲ್ಲಿ ಮಿಕ್ಕ ಅನ್ನ ನೋಡಿ ಎಷ್ಟು ಜನ ಬಂದಿದ್ದರು ಅಂತ ಹೇಳಿದ ಹಾಗೆ. ಅನ್ನ ಮಿಕ್ಕಿದ್ದಕ್ಕೆ ಜನ ಕಡಿಮೆ ಬಂದದ್ದು ಕಾರಣವಿರಬಹುದು, ಅಡುಗೆಯವರು ಜಾಸ್ತಿ ಬೇಯಿಸಿರಬಹುದು, ಸಾರು ಕೆಟ್ಟಿರಬಹುದು. ಹೊಳಪಿನಲ್ಲೂ ಹಾಗೇ: ಎಷ್ಟು ಕ್ಲೋರೊಫಿಲ್ ಇದೆ, ಎಷ್ಟು ಬಿಸಿಲು ಬಿತ್ತು, ಆ ಜೀವಕೋಶ ಯಾವ ಸ್ಥಿತಿಯಲ್ಲಿತ್ತು, ಈ ಮೂರೂ ಒಂದೇ ಸಂಖ್ಯೆಯಲ್ಲಿ ಕಲಸಿಹೋಗಿವೆ. ಮಾಡೆಲ್ ಮಾಡುವುದು ಅಂದರೆ ಈ ಮೂರನ್ನು ಬಿಡಿಸುವುದು.

ಮಾಡೆಲ್ ಅಂದರೆ ನಿಜವಾಗಿ ಏನು ಲೆಕ್ಕ ಹಾಕುತ್ತೀರಿ?

ಬೆಳಕಿನ ಒಂದು ಕಣದ ಜೊತೆ ನಡೆದುಕೊಂಡು ಹೋಗೋಣ.

ಬಿಸಿಲು ನೀರಿಗೆ ಇಳಿಯುತ್ತದೆ. ಯಾವ ಆಳಕ್ಕೆ ಯಾವ ಬಣ್ಣದ ಬೆಳಕು ಎಷ್ಟು ತಲುಪುತ್ತದೆ ಎಂಬುದು ಮೊದಲ ಲೆಕ್ಕ. ಇದಕ್ಕೆ ಸೂರ್ಯನ ಕೋನ, ಗಾಳಿಗೆ ಎದ್ದ ಅಲೆ, ನೀರು, ಕೆಸರು, ಕೊಳೆತ ಎಲೆಗಳಿಂದ ಬರುವ ಹಳದಿ ಬಣ್ಣ, ಎಲ್ಲವೂ ಬೇಕು. ಈ ಭಾಗಕ್ಕೆ ಹೈಡ್ರೋಲೈಟ್‌ನಂಥ ಸಿದ್ಧ ಸಾಫ್ಟ್‌ವೇರ್‌ಗಳಿವೆ.

ಆಮೇಲೆ ಪ್ಲಾಂಕ್ಟನ್ ಆ ಬೆಳಕನ್ನು ಹೀರುತ್ತದೆ. ಕ್ಲೋರೊಫಿಲ್ ಎರಡು ಪಟ್ಟಾದರೆ ಹೀರುವುದೂ ಎರಡು ಪಟ್ಟು ಅಂದುಕೊಂಡರೆ ತಪ್ಪು. ಒಗೆದ ಬಟ್ಟೆಯನ್ನು ಹಗ್ಗದ ಮೇಲೆ ಹರವಿದರೆ ಬೇಗ ಒಣಗುತ್ತದೆ. ಅದೇ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ಒಳಗಿನದಕ್ಕೆ ಬಿಸಿಲೇ ತಾಗುವುದಿಲ್ಲ. ದೊಡ್ಡ ಜೀವಕೋಶದೊಳಗೆ ತುರುಕಿದ ಕ್ಲೋರೊಫಿಲ್ಲೂ ಮುದ್ದೆ ಬಟ್ಟೆಯೇ. ಒಂದಕ್ಕೊಂದು ನೆರಳು ಮಾಡಿಕೊಳ್ಳುತ್ತವೆ. ಹಾಗಾಗಿ ಡಯಾಟಮ್‌ನಂಥ ದೊಡ್ಡವಕ್ಕೂ, ತೀರಾ ಸಣ್ಣವಕ್ಕೂ ಒಂದು ಮಿಲಿಗ್ರಾಂ ಕ್ಲೋರೊಫಿಲ್ಲಿಗೆ ಲೆಕ್ಕ ಹಾಕಿದ ಹೀರುವಿಕೆ ಬೇರೆ ಬೇರೆ.

ಹೀರಿದ್ದರಲ್ಲಿ ಹೊಳಪಾಗುವ ಪಾಲು ಎಷ್ಟು? ಇದೇ ನಡುವಿನ ಸಂಖ್ಯೆ. ನಮಗೆ ನಿಜವಾಗಿ ಬೇಕಾದದ್ದೂ ಇದೇ, ನಂಬಲಾಗದ್ದೂ ಇದೇ. ಇಲ್ಲಿ ಒಂದು ಮಾತು: ಈ ಪಾಲನ್ನು ಕಣಗಳ ಎಣಿಕೆಯಲ್ಲಿ ಹೇಳುತ್ತಾರೆ, ಶಕ್ತಿಯ ಲೆಕ್ಕದಲ್ಲಿ ಅಲ್ಲ. 443 ನ್ಯಾನೋಮೀಟರಿನ ಒಂದು ನೀಲಿ ಕಣದಲ್ಲಿ 685ರ ಕೆಂಪು ಕಣಕ್ಕಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಇರುತ್ತದೆ. ವಾಟ್ ಹಾಕಿ ಗುಣಿಸಿದರೆ ಉತ್ತರ ಸದ್ದಿಲ್ಲದೆ ತಪ್ಪಾಗುತ್ತದೆ. ನನ್ನ ಮೊದಲ ಕೋಡಿನಲ್ಲಿ ಇದೇ ತಪ್ಪು ಎರಡು ವಾರ ಹಾಯಾಗಿ ಕೂತಿತ್ತು.

ಹೊರಬಂದ ಹೊಳಪು ಒಂದೇ ಬಣ್ಣದಲ್ಲಿ ಇರುವುದಿಲ್ಲ. 685ರ ಸುತ್ತ ಗಂಟೆಯಾಕಾರದ ಗುಡ್ಡ. ಮಾಡೆಲ್‌ಗಳಲ್ಲಿ ಅರ್ಧ ಎತ್ತರದಲ್ಲಿ ಅದರ ಅಗಲ 25 ನ್ಯಾನೋಮೀಟರ್ ಎಂದು ಹಾಕುವುದು ರೂಢಿ. ನೆಲದ ಗಿಡಗಳಲ್ಲಿ 740ರ ಹತ್ತಿರ ಇನ್ನೊಂದು ಗುಡ್ಡ ಚೆನ್ನಾಗಿ ಕಾಣುತ್ತದೆ. ಕಡಲಿನಲ್ಲಿ ಆ ಬೆಳಕನ್ನು ನೀರೇ ನುಂಗಿಬಿಡುತ್ತದೆ.

ಕೊನೆಗೆ ಮೇಲೆ ಬರುವ ದಾರಿ. ಹೊಳಪಿಗೆ ದಿಕ್ಕು ಗೊತ್ತಿಲ್ಲ, ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ಅರ್ಧ ಕೆಳಗೇ ಹೋಯಿತು. ಮೇಲೆ ಬಂದದ್ದರಲ್ಲಿ, ನೇರ ಗೆರೆಯಿಂದ ಸುಮಾರು 48 ಡಿಗ್ರಿಗಿಂತ ಓರೆಯಾಗಿ ಬಂದದ್ದು ನೀರಿನ ಮೇಲ್ಮೈಗೆ ತಾಗಿ ಒಳಗೇ ವಾಪಸ್. ದಾಟಿದ್ದೂ ನೀರಿನಿಂದ ಗಾಳಿಗೆ ಬರುವಾಗ ಹರಡಿಕೊಳ್ಳುತ್ತದೆ. ಹಾಗಾಗಿ ಒಂದು ದಿಕ್ಕಿನಲ್ಲಿ ಕಾಣುವ ಪ್ರಖರತೆ ನೀರೊಳಗಿದ್ದದ್ದರ 0.54 ಪಟ್ಟಿಗೆ ಇಳಿಯುತ್ತದೆ.

ಇಷ್ಟೂ ಮುಂದಕ್ಕೆ ಹೋಗುವ ಲೆಕ್ಕ. ಉಪಗ್ರಹದ ಕೆಲಸ ಉಲ್ಟಾ: ಕೊನೆಯ ಸಂಖ್ಯೆ ಕೈಲಿ ಹಿಡಿದು ನಡುವಿನ ಪಾಲನ್ನು ಹುಡುಕಬೇಕು.

ಎಷ್ಟು ಆಳದ ಹೊಳಪು ಉಪಗ್ರಹಕ್ಕೆ ಕಾಣುತ್ತದೆ?

ಒಂದೆರಡು ಮೀಟರ್. ಶುದ್ಧ ನೀರು 685ರ ಕೆಂಪು ಬೆಳಕನ್ನು ಸುಮಾರು 1.4 ಮೀಟರಿಗೆ ಅರ್ಧ ಮಾಡುತ್ತದೆ. ಐದು ಮೀಟರ್ ಕೆಳಗಿಂದ ಹೊರಟ ಹೊಳಪು ಮೇಲೆ ಬರುವಷ್ಟರಲ್ಲಿ ಹತ್ತರಲ್ಲೊಂದು ಭಾಗವೂ ಉಳಿದಿರುವುದಿಲ್ಲ. ನೀಲಿ ಬೆಳಕಾದರೆ ಶುದ್ಧ ನೀರಿನ ಹೀರುವಿಕೆಯೊಂದರಿಂದಲೇ ಅರ್ಧವಾಗಲು ನೂರು ಮೀಟರಿನಷ್ಟು ಸಾಗಬೇಕು.

ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ನಡುವೆ ಪ್ಲಾಂಕ್ಟನ್ ದಟ್ಟವಾಗಿರುವ ಪದರ ಎಷ್ಟೋ ಸಲ ಹತ್ತಾರು ಮೀಟರ್ ಕೆಳಗಿರುತ್ತದೆ. ಆ ಪದರದ ಹೊಳಪು ಉಪಗ್ರಹಕ್ಕೆ ಇಲ್ಲವೇ ಇಲ್ಲ.

ಪ್ರತಿಫಲಿಸಿ ಬಂದ ಕೆಂಪು ಬೆಳಕು, ಹೊಳಪಿನ ಕೆಂಪು ಬೆಳಕು. ಎರಡನ್ನೂ ಬೇರೆ ಮಾಡುವುದು ಹೇಗೆ?

ಗುಡ್ಡದ ಎತ್ತರ ಅಳೆದು. ಗುಡ್ಡದ ಈಚೆಗೊಂದು, ಆಚೆಗೊಂದು ಬಿಂದು ಹಿಡಿದು ನೇರ ಗೆರೆ ಎಳೆಯಿರಿ. ಹೊಳಪೇ ಇಲ್ಲದಿದ್ದರೆ ನಡುವಿನ ಬಿಂದು ಆ ಗೆರೆಯ ಮೇಲೆ ಕೂರುತ್ತಿತ್ತು ಅಂತ ಇಟ್ಟುಕೊಳ್ಳಿ. ಗೆರೆಗಿಂತ ಎಷ್ಟು ಮೇಲೆ ಇದೆಯೋ ಅಷ್ಟು ಹೊಳಪು. ಇದಕ್ಕೆ ಎಫ್‌ಎಲ್‌ಎಚ್ ಅನ್ನುತ್ತಾರೆ.

ನಾಸಾದ ಟೆರ್ರಾ, ಅಕ್ವಾ ಉಪಗ್ರಹಗಳ ಮೋಡಿಸ್ ಉಪಕರಣದಲ್ಲಿ ಮೂರು ಬಿಂದುಗಳು 667, 678 ಮತ್ತು 748. ಲೆಕ್ಕ ತೋರಿಸಲು ನಾನೇ ಹಾಕಿಕೊಂಡ ಅಂಕಿಗಳಿವು: 667ರಲ್ಲಿ 0.120, 678ರಲ್ಲಿ 0.140, 748ರಲ್ಲಿ 0.020. ಗೆರೆ 678ರಲ್ಲಿ ಎಷ್ಟು ಎತ್ತರದಲ್ಲಿದೆ? 0.120ಕ್ಕೆ 81ರಲ್ಲಿ 70 ಪಾಲು, 0.020ಕ್ಕೆ 81ರಲ್ಲಿ 11 ಪಾಲು. ಅಂದರೆ 0.1037 ಕೂಡಿಸು 0.0027, ಒಟ್ಟು 0.1064. 0.140ರಿಂದ ಕಳೆದರೆ 0.0336. ಇದೇ ಎಫ್‌ಎಲ್‌ಎಚ್. ಸೂರ್ಯನ ಕೋನ, ಗಾಳಿಯ ಅಡ್ಡಿ ಎಲ್ಲ ಸರಿಪಡಿಸಿ ಮಾಡಿದ್ದಕ್ಕೆ ಮುಂದೆ ಒಂದು ಎನ್ ಸೇರಿಸುತ್ತಾರೆ.

ಶಿಖರ 685ರಲ್ಲಿ ಇರುವಾಗ 678ರಲ್ಲಿ ಅಳೆಯುವುದು ಯಾಕೆ?

687ರಿಂದ ಗಾಳಿಯಲ್ಲಿರುವ ಆಮ್ಲಜನಕ ಬೆಳಕು ಹೀರುವ ಪಟ್ಟಿ ಶುರುವಾಗುತ್ತದೆ. ಅದರ ಹೊಸ್ತಿಲಲ್ಲಿ ಅಳೆಯಲು ಹೋದರೆ ಹೊಳಪು ಅಳೆದಿರೋ ಆಮ್ಲಜನಕ ಅಳೆದಿರೋ ಗೊತ್ತಾಗುವುದಿಲ್ಲ. ಅದಕ್ಕೆ ಸ್ವಲ್ಪ ಈಚೆಗೆ, ಗುಡ್ಡದ ಇಳಿಜಾರಿನಲ್ಲಿ ನಿಂತು ಅಳೆಯುತ್ತಾರೆ. ಯುರೋಪಿನ ಮೆರಿಸ್ ಉಪಕರಣ 681ರವರೆಗೆ ಧೈರ್ಯ ಮಾಡಿತು.

ಸಿಗ್ನಲ್ ಎಷ್ಟು ಸಣ್ಣದು?

ಹೆದರಿಕೆ ಆಗುವಷ್ಟು. ಮೋಡಿಸ್‌ನ 678ರ ಪಟ್ಟಿಗೆ ಕಡಲಿನ ಮೇಲೆ ಸಾಮಾನ್ಯವಾಗಿ ಸಿಗುವ ಬೆಳಕು 8.7 ಯೂನಿಟ್ ಅಂತ ವಿನ್ಯಾಸದಲ್ಲೇ ಹಾಕಿದ್ದಾರೆ. ಅದರ ಬಹುಪಾಲು ವಾತಾವರಣದ್ದು. ಸಿಗ್ನಲ್ ಮತ್ತು ಗದ್ದಲದ ಅನುಪಾತ 1087. ಭಾಗಿಸಿದರೆ ಗದ್ದಲ 0.008. ಇನ್ನು ಒಂದು ಘನ ಮೀಟರ್ ನೀರಿನಲ್ಲಿ 1 ಮಿಲಿಗ್ರಾಂ ಕ್ಲೋರೊಫಿಲ್ ಇದ್ದರೆ ಸಿಗುವ ಹೊಳಪಿನ ಎತ್ತರ ಅದೇ ಯೂನಿಟ್‌ನಲ್ಲಿ ನೂರನೆಯ ಕೆಲವೇ ಭಾಗ. ನಡುಗಡಲಿನಲ್ಲಿ ಕ್ಲೋರೊಫಿಲ್ 0.1 ಇದ್ದರೆ ಸಿಗ್ನಲ್ ಗದ್ದಲದ ಒಳಗೇ ಮುಳುಗುತ್ತದೆ.

ಅದಕ್ಕೇ ಒಂದು ದಿನದ, ಒಂದು ಪಿಕ್ಸೆಲ್ಲಿನ ಎಫ್‌ಎಲ್‌ಎಚ್ ಹಿಡಿದುಕೊಂಡು ಬಂದು ಕಥೆ ಹೇಳುವವರನ್ನು ನಾನು ನಂಬುವುದಿಲ್ಲ. ತಿಂಗಳ ಸರಾಸರಿ ತೆಗೆಯಿರಿ, ಅಕ್ಕಪಕ್ಕದ ಪಿಕ್ಸೆಲ್ ಸೇರಿಸಿ, ಆಮೇಲೆ ಮಾತಾಡೋಣ.

ರಾಮನ್ ಪರಿಣಾಮಕ್ಕೂ ಇದಕ್ಕೂ ಸಂಬಂಧ ಇದೆ ಅಂತಾರೆ. ನಿಜವಾ?

ನಿಜ, ಸುಮ್ನೆ ಅಭಿಮಾನದ ಮಾತಲ್ಲ. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡ ಹಡಗಿನಲ್ಲಿ ವಾಪಸ್ ಬರುವಾಗ ಸಿ.ವಿ. ರಾಮನ್ ಕಡಲಿನ ನೀಲಿಯ ಬಗ್ಗೆ ತಲೆ ಕೆಡಿಸಿಕೊಂಡರು. ಆ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕು ಚದುರಿಸುತ್ತವೆ ಎಂದು ತೋರಿಸಿದರು. ಅದೇ ದಾರಿಯಲ್ಲಿ 1928ರಲ್ಲಿ ರಾಮನ್ ಪರಿಣಾಮ ಸಿಕ್ಕಿತು. ಬೆಂಗಳೂರಿಗೆ ಅವರು ಬಂದದ್ದು ಆಮೇಲೆ, 1933ರಲ್ಲಿ.

ನಮ್ಮ ಲೆಕ್ಕಕ್ಕೆ ಅದು ಅಡ್ಡ ಬರುವುದು ಹೀಗೆ. ನೀರಿನ ಅಣು ಹಸಿರು ಬೆಳಕಿನ ಒಂದು ಚೂರನ್ನು ಕೆಂಪಿಗೆ ಸರಿಸುತ್ತದೆ. 555ರ ಹಸಿರು ಬೆಳಕು ರಾಮನ್ ಚದುರಿಕೆಯಿಂದ ಸರಿಯಾಗಿ 685ರ ಹತ್ತಿರ ಬಂದು ಬೀಳುತ್ತದೆ. ಪ್ಲಾಂಕ್ಟನ್ ಒಂದೂ ಇಲ್ಲದ ನೀರಿನಲ್ಲೂ ಇದು ನಡೆಯುತ್ತದೆ. ಗುಡ್ಡವಾಗಿ ಅಲ್ಲ, ಚಪ್ಪಟೆಯಾಗಿ ಹರಡಿಕೊಂಡು. ಹಾಗಾಗಿ ಬೇಸ್‌ಲೈನ್ (ಮೇಲೆ ಹೇಳಿದ ನೇರ ಗೆರೆ) ಎಳೆದಾಗ ಬಹುಪಾಲು ಕಳೆದುಹೋಗುತ್ತದೆ. ತಿಳಿ ನೀರಿನಲ್ಲಿ ಮಾತ್ರ ಇದನ್ನು ಮಾಡೆಲ್‌ನಲ್ಲಿ ಸೇರಿಸದೆ ಬೇರೆ ದಾರಿ ಇಲ್ಲ.

ಜಾಸ್ತಿ ಹೊಳಪು ಅಂದರೆ ಜಾಸ್ತಿ ಪ್ಲಾಂಕ್ಟನ್ ಅಂತ ತಾನೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮೊದಲನೆಯದು ಬಿಸಿಲು. ನಡುಹಗಲಿನಲ್ಲಿ ಜೀವಕೋಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಬೆಳಕು ಬೀಳುತ್ತದೆ. ಸುಟ್ಟುಕೊಳ್ಳಬಾರದಲ್ಲ, ಹಾಗಾಗಿ ಹೆಚ್ಚಾದದ್ದನ್ನು ಶಾಖವಾಗಿ ಚೆಲ್ಲುವ ಏರ್ಪಾಡು ಕೆಲವೇ ನಿಮಿಷದಲ್ಲಿ ಶುರುವಾಗುತ್ತದೆ. ಇದಕ್ಕೆ ಎನ್‌ಪಿಕ್ಯೂ ಅನ್ನುತ್ತಾರೆ. ಅದು ಶುರುವಾದರೆ ಹೊಳಪಿನ ಪಾಲು ಇಳಿಯುತ್ತದೆ. ಟೆರ್ರಾ ಉಪಗ್ರಹ ಬಹುಕಾಲ ಬೆಳಿಗ್ಗೆ 10.30ಕ್ಕೆ, ಅಕ್ವಾ ಮಧ್ಯಾಹ್ನ 1.30ಕ್ಕೆ ಹಾದುಹೋಗುತ್ತಿದ್ದವು. ಎರಡೂ ಬಿಸಿಲಿನ ಹೊತ್ತೇ. ಹಾಗಾಗಿ ಎನ್‌ಪಿಕ್ಯೂ ತಿದ್ದುಪಡಿ ಮಾಡದೆ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಿದರೆ, ನೀವು ಹೋಲಿಸಿದ್ದು ಬಿಸಿಲನ್ನು.

ಎರಡನೆಯದು ಜಾತಿ. ನೀಲಿಹಸಿರು ಬ್ಯಾಕ್ಟೀರಿಯಾಗಳಲ್ಲಿ ಕ್ಲೋರೊಫಿಲ್ಲಿನ ಬಹುಪಾಲು ಇರುವುದು ಹೊಳೆಯದ ಕಡೆ, ಅಂದರೆ ದ್ಯುತಿಸಂಶ್ಲೇಷಣೆಯ ಯಂತ್ರದ ಎರಡು ಭಾಗಗಳಲ್ಲಿ ಫೋಟೋಸಿಸ್ಟಮ್-1 ಎಂಬುದರಲ್ಲಿ. ಮಳೆಗಾಲಕ್ಕೆ ಮುಂಚೆ ನಮ್ಮ ಪಶ್ಚಿಮ ಕರಾವಳಿಯ ಆಚೆ ಟ್ರೈಕೋಡೆಸ್ಮಿಯಂ ಎದ್ದು, ಗರಗಸದಿಂದ ಉದುರಿದ ಮರದ ಪುಡಿಯ ಹಾಗೆ ನೀರಿನ ಮೇಲೆ ತೇಲುತ್ತದೆ. ಕಣ್ಣಿಗೆ ರಾಶಿ ರಾಶಿ ಕಂಡರೂ ಎಫ್‌ಎಲ್‌ಎಚ್ ಅದಕ್ಕೆ ತಕ್ಕಷ್ಟು ಏರುವುದಿಲ್ಲ.

ಮೂರನೆಯದು ದಟ್ಟಣೆ. ಪ್ಲಾಂಕ್ಟನ್ ತೀರಾ ಗಟ್ಟಿಯಾದರೆ ಬಿಟ್ಟ ಹೊಳಪನ್ನು ಪಕ್ಕದ ಜೀವಕೋಶವೇ ಹೀರುತ್ತದೆ. ಗುಡ್ಡದ ಎಡಭಾಗ ಸವೆದು ಶಿಖರ 700ರ ಕಡೆಗೆ ಜರುಗುತ್ತದೆ. 681ರಲ್ಲಿ ನೋಡುವವರಿಗೆ ಎಫ್‌ಎಲ್‌ಎಚ್ ಇಳಿದು ಸೊನ್ನೆಗಿಂತ ಕೆಳಗೂ ಹೋಗಬಹುದು. ನೀರು ಗಂಜಿಯಂತಿದೆ, ನಕ್ಷೆ ಖಾಲಿ ಅನ್ನುತ್ತದೆ. ಅಂಥ ಕಡೆ 709ರ ಪಟ್ಟಿ ಬಳಸುವ ಬೇರೆ ಸೂತ್ರಗಳನ್ನು ಹಿಡಿಯಬೇಕು.

ಕಬ್ಬಿಣ ಕಡಿಮೆಯಾದರೆ ಹೊಳಪು ಏರುತ್ತದಂತೆ. ಅದು ಹೇಗೆ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಚೆಂದದ ಭಾಗ ಇದು. ದ್ಯುತಿಸಂಶ್ಲೇಷಣೆಯ ಯಂತ್ರ ಕಟ್ಟಲು ಕಬ್ಬಿಣ ಬೇಕು. ನಡುಗಡಲಿನಲ್ಲಿ ಅದು ಸಿಗುವುದು ಬಹಳ ಕಷ್ಟ, ದೂರದ ಮರುಭೂಮಿಯ ದೂಳು ಹಾರಿ ಬಂದು ಬೀಳಬೇಕು. ಕಬ್ಬಿಣ ಸಾಲದಾಗ ಬೆಳಕು ಹಿಡಿಯುವ ಆಂಟೆನಾಗಳು ತಯಾರಾಗುತ್ತವೆ, ಆದರೆ ಅವಕ್ಕೆ ಜೋಡಿಸುವ ಯಂತ್ರ ಇರುವುದಿಲ್ಲ. ಹಿಡಿದ ಬೆಳಕಿಗೆ ಹೋಗಲು ಜಾಗವಿಲ್ಲ. ಪಾಲಕ್ ರಸದ ಲೋಟ ನೆನಪಿದೆಯಾ? ಒಂದು ಮಟ್ಟಿಗೆ ಅದೇ ಕಥೆ. ಹೊಳಪಿನ ಪಾಲು ಏರುತ್ತದೆ.

2009ರಲ್ಲಿ ಮೈಕಲ್ ಬೆಹ್ರೆನ್‌ಫೆಲ್ಡ್ ಮತ್ತು ಜೊತೆಗಾರರು ಅಕ್ವಾ ಮೋಡಿಸ್‌ನ ಎಫ್‌ಎಲ್‌ಎಚ್‌ನಿಂದ ಕ್ಲೋರೊಫಿಲ್ಲನ್ನೂ ಬಿಸಿಲನ್ನೂ ಎನ್‌ಪಿಕ್ಯೂವನ್ನೂ ಕಳಚಿ, ಉಳಿದ ಪಾಲನ್ನು ಜಗತ್ತಿನ ನಕ್ಷೆಯ ಮೇಲೆ ಹಾಕಿದರು. ಕಬ್ಬಿಣದ ಕೊರತೆ ಇದೆ ಅಂತ ಮೊದಲೇ ಗೊತ್ತಿದ್ದ ಕಡೆ, ಉದಾಹರಣೆಗೆ ಪೆಸಿಫಿಕ್‌ನ ಸಮಭಾಜಕದ ಹತ್ತಿರ, ಪಾಲು ಎದ್ದು ಕಂಡಿತು. ಜೊತೆಗೆ ಹಿಂದೂ ಮಹಾಸಾಗರದಲ್ಲೂ ಋತುಮಾನಕ್ಕೆ ತಕ್ಕಂತೆ ಏರಿಕೆ ಕಂಡಿತು. ಮುಂಗಾರಿನ ಗಾಳಿಗೆ ಆಳದ ನೀರು ಮೇಲೆ ಬಂದು ಪೋಷಕಾಂಶ ತುಂಬಿದ್ದರೂ, ಅದಕ್ಕೆ ತಕ್ಕಷ್ಟು ಕಬ್ಬಿಣ ಇಲ್ಲದಿರಬಹುದು ಅನ್ನುವ ಸುಳಿವು ಅದು. ಹಡಗಿನಲ್ಲಿ ಹೋಗಿ ಬಾಟಲಿ ಬಾಟಲಿ ನೀರು ತಂದು ಪರೀಕ್ಷಿಸಬೇಕಾದ ಸಂಗತಿಗೆ ಆಕಾಶದಿಂದ ಸುಳಿವು ಸಿಕ್ಕಿತು.

ಸುಳಿವು ಅಂದೆ, ಪುರಾವೆ ಅನ್ನಲಿಲ್ಲ. ಎನ್‌ಪಿಕ್ಯೂ ತಿದ್ದುಪಡಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಇದೇ ಥರದ ಚಿತ್ರ ಬರಬಹುದು. ಆ ಜಗಳ ಇನ್ನೂ ಮುಗಿದಿಲ್ಲ.

ಕರಾವಳಿ ಹತ್ತಿರ ಎಫ್‌ಎಲ್‌ಎಚ್ ನಂಬಬಹುದಾ?

ಒಂದು ಕಥೆ ಹೇಳುತ್ತೇನೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ, ಮಳೆ ನಿಂತ ಮೇಲಿನ ಒಂದು ದಿನದ ಚಿತ್ರದಲ್ಲಿ ನೇತ್ರಾವತಿ ಅಳಿವೆಯ ಮುಂದೆ ಬೀಸಣಿಗೆಯ ಆಕಾರದಲ್ಲಿ ಹೊಳಪು ಎದ್ದು ಕಂಡಿತು. ದೊಡ್ಡ ಬ್ಲೂಮ್ (ಪ್ಲಾಂಕ್ಟನ್ ಒಮ್ಮೆಲೇ ಹೆಚ್ಚಿ ಹರಡುವುದು) ಹಿಡಿದೆ ಅಂತ ಮೂರು ದಿನ ಕುಣಿದಾಡಿದೆ. ನಾಲ್ಕನೇ ದಿನ ಅದೇ ಜಾಗದ ಮಾಮೂಲಿ ಬಣ್ಣದ ಚಿತ್ರ ತೆಗೆದು ನೋಡಿದರೆ, ಬೀಸಣಿಗೆ ಪೂರ್ತಿ ಚಹಾ ಬಣ್ಣ. ನದಿ ತಂದ ಕೆಸರು!

ಕೆಸರಿಗೂ ಹೊಳಪಿಗೂ ಏನು ಸಂಬಂಧ? ಕೆಸರು ಬೆಳಕು ಚದುರಿಸುತ್ತದೆ, ನೀರು ಅದನ್ನು ಹೀರುತ್ತದೆ. ನೀರಿನ ಹೀರುವಿಕೆ 667ರಿಂದ 678ಕ್ಕೆ ಸ್ವಲ್ಪವೇ ಏರಿ, 748ಕ್ಕೆ ಹೋಗುವಷ್ಟರಲ್ಲಿ ಹಲವು ಪಟ್ಟಾಗುತ್ತದೆ. ಹಾಗಾಗಿ ಬರೀ ಕೆಸರಿನ ಬೆಳಕೂ ಈ ಮೂರು ಬಿಂದುಗಳ ನಡುವೆ ನೇರ ಗೆರೆಯಾಗಿ ಇಳಿಯುವುದಿಲ್ಲ, ಬಿಲ್ಲಿನ ಹಾಗೆ ಉಬ್ಬಿರುತ್ತದೆ. ಆ ಉಬ್ಬನ್ನೇ ನಮ್ಮ ಸೂತ್ರ ಹೊಳಪು ಅಂತ ಓದುತ್ತದೆ.

ಇನ್ನೊಂದು ಮುಖವೂ ಇದೆ. ಕೊಳೆತ ಎಲೆಗಳ ಹಳದಿ ನೀರಿನಲ್ಲಿ ನೀಲಿ ಮತ್ತು ಹಸಿರು ಬಣ್ಣದ ಅನುಪಾತ ನೋಡುವ ಮಾಮೂಲಿ ಕ್ಲೋರೊಫಿಲ್ ಸೂತ್ರ ಕೈಕೊಡುತ್ತದೆ, ಯಾಕೆಂದರೆ ಆ ಹಳದಿಯೂ ನೀಲಿಯನ್ನೇ ಹೀರುತ್ತದೆ. ಕೆಂಪಿನಲ್ಲಿ ಅದರ ಹಾವಳಿ ಕಡಿಮೆ. ಫ್ಲಾರಿಡಾ ಕರಾವಳಿಯಲ್ಲಿ ಕರೇನಿಯಾ ಎಂಬ ವಿಷಕಾರಿ ಪ್ಲಾಂಕ್ಟನ್ ಎದ್ದಾಗ ಮೋಡಿಸ್‌ನ ಎಫ್‌ಎಲ್‌ಎಚ್ ಚೆನ್ನಾಗಿ ಕೆಲಸಕ್ಕೆ ಬಂದದ್ದು ಇದರಿಂದಲೇ. ಕೆಸರು ಕಡಿಮೆ, ಹಳದಿ ಜಾಸ್ತಿ ಇದ್ದರೆ ಬಳಸಿ. ಕೆಸರು ಜಾಸ್ತಿ ಇದ್ದರೆ ಮೊದಲು ಬಣ್ಣದ ಚಿತ್ರ ನೋಡಿ.

ಯಾವ ಉಪಗ್ರಹಗಳಿಗೆ ಈ ಸಾಮರ್ಥ್ಯ ಇದೆ? ಇಸ್ರೋದ್ದು ಇದೆಯಾ?

ಇದೆ. 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54 ಹೊತ್ತೊಯ್ದ ಓಷನ್‌ಸ್ಯಾಟ್-3, ಅಂದರೆ ಇಒಎಸ್-06ರಲ್ಲಿ 13 ಪಟ್ಟಿಗಳ ಒಸಿಎಂ ಕ್ಯಾಮೆರಾ ಇದೆ. ಅದರಲ್ಲಿ 670, 681, 710 ಮೂರೂ ಇವೆ. ಎಫ್‌ಎಲ್‌ಎಚ್‌ಗೆ ಬೇಕಾದ ಜೋಡಣೆ ಇದೇ. ಮೊದಲಿನ ಎರಡು ಓಷನ್‌ಸ್ಯಾಟ್‌ಗಳಲ್ಲಿ ಎಂಟೇ ಪಟ್ಟಿ ಇದ್ದವು.

ನಾಸಾದ ಟೆರ್ರಾ 1999ರಲ್ಲಿ, ಅಕ್ವಾ 2002ರಲ್ಲಿ ಹೋದವು. ಯುರೋಪಿನ ಮೆರಿಸ್ 2002ರಿಂದ 2012ರವರೆಗೆ ಇತ್ತು, ಈಗ ಅದರ ಜಾಗದಲ್ಲಿ ಸೆಂಟಿನೆಲ್-3ರ ಓಲ್ಸಿ ಇದೆ. ಕಡಲಿನ ಬಣ್ಣ ನೋಡುವ ಹೆಸರುವಾಸಿ ಉಪಕರಣ ಸೀವಿಫ್ಸ್‌ನಲ್ಲಿ ಈ ಪಟ್ಟಿ ಇರಲಿಲ್ಲ, ವಿಯರ್ಸ್‌ನಲ್ಲೂ ಇಲ್ಲ. 2024ರ ಫೆಬ್ರುವರಿ 8ರಂದು ಹೋದ ನಾಸಾದ ಪೇಸ್ ಉಪಗ್ರಹ ಆಟವನ್ನೇ ಬದಲಿಸಿದೆ. ಅದು ಮೂರು ಬಿಂದು ಅಲ್ಲ, ಸುಮಾರು 5 ನ್ಯಾನೋಮೀಟರ್ ಅಗಲದ ಪಟ್ಟಿಗಳಲ್ಲಿ ಇಡೀ ಗುಡ್ಡವನ್ನೇ ಕೊಡುತ್ತದೆ. ಮೇಲೆ ಹೇಳಿದ ಕೆಸರಿನ ಮೋಸ, ಶಿಖರ ಜರುಗುವ ಕಾಟ, ಎರಡನ್ನೂ ಆಕಾರ ನೋಡಿ ಹಿಡಿಯಬಹುದು.

ಇನ್ನೊಂದು ಜಾಣ ದಾರಿ ಇದೆ. ಬಿಸಿಲಿನ ಬಣ್ಣಪಟ್ಟಿಯಲ್ಲಿ ಸೂರ್ಯನಿಂದಲೇ ಬಂದ ಕಪ್ಪು ಗೆರೆಗಳಿವೆ, ಫ್ರಾನ್‌ಹೋಫರ್ ಗೆರೆಗಳು. ಪ್ರತಿಫಲಿತ ಬೆಳಕಿನಲ್ಲಿ ಆ ಗೆರೆ ಹಾಗೇ ಇರುತ್ತದೆ. ಹೊಳಪು ಸೇರಿದರೆ ಗೆರೆಯ ತಳ ಸ್ವಲ್ಪ ತುಂಬಿಕೊಳ್ಳುತ್ತದೆ. ಎಷ್ಟು ತುಂಬಿತು ಅಂತ ಅಳೆದರೆ ಹೊಳಪು ಸಿಕ್ಕಿತು, ಬೇಸ್‌ಲೈನ್ ಎಳೆಯುವ ಗೋಜೇ ಇಲ್ಲ. ಗಾಳಿಯ ಮಾಲಿನ್ಯ ನೋಡಲು 2017ರಲ್ಲಿ ಹಾರಿಸಿದ ಟ್ರೊಪೊಮಿ ಉಪಕರಣದಿಂದ ಕಡಲಿನ ಹೊಳಪನ್ನು ಹೀಗೇ ಹೊರತೆಗೆದಿದ್ದಾರೆ. ಪಿಕ್ಸೆಲ್ ಮಾತ್ರ ಹಲವು ಕಿಲೋಮೀಟರ್ ದೊಡ್ಡದು.

ಮೀನುಗಾರರಿಗೆ ಇದರಿಂದ ಏನಾದರೂ ಉಪಯೋಗ?

ನೇರವಾಗಿ ಇಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮೀನು ಸಿಗುವ ಜಾಗದ ಸೂಚನೆಗೆ ಬಳಕೆಯಾಗುವುದು ಮುಖ್ಯವಾಗಿ ನೀರಿನ ಮೇಲ್ಮೈ ಬಿಸಿ ಮತ್ತು ಕ್ಲೋರೊಫಿಲ್. ಬೂತಾಯಿ ಮೀನು ಪ್ಲಾಂಕ್ಟನ್ ತಿಂದೇ ಬದುಕುತ್ತದೆ, ಹಾಗಾಗಿ ಪ್ಲಾಂಕ್ಟನ್ ಎಷ್ಟಿದೆ ಎಂಬುದರ ಜೊತೆಗೆ ಹೇಗಿದೆ ಎಂಬುದೂ ಗೊತ್ತಾದರೆ ಒಳ್ಳೆಯದೇ. ಆದರೆ ನಮ್ಮ ಕಡಲು ಅತಿ ಹುಲುಸಾಗಿರುವುದು ಮುಂಗಾರಿನಲ್ಲಿ, ಮೋಡ ಮುಚ್ಚಿಕೊಂಡಿರುವುದೂ ಆಗಲೇ. ಜೂನ್, ಜುಲೈನ ನಕ್ಷೆಗಳಲ್ಲಿ ಮಲ್ಪೆಯಿಂದ ಆಚೆಗೆ ಬರೀ ಬಿಳಿ ತೇಪೆ. ಯಾಂತ್ರಿಕ ದೋಣಿಗಳಿಗೆ ಆ ಎರಡು ತಿಂಗಳು ಹೇಗಿದ್ದರೂ ರಜೆ, ನಮಗೂ ಹೆಚ್ಚುಕಡಿಮೆ ಹಾಗೇ.

ಮಾಡೆಲ್ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಕಡಲಿಗೆ ಇಳಿದು. ಹಡಗಿನಿಂದ ನೀರು ತಂದು, ಸೋಸಿ, ಲ್ಯಾಬಿನಲ್ಲಿ ಕ್ಲೋರೊಫಿಲ್ ಅಳೆಯುವುದು ಹಳೇ ದಾರಿ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಂಥ ಕಡೆ ಇದು ದಶಕಗಳಿಂದ ನಡೆದಿದೆ. ಈಗ ತಾನೇ ಮುಳುಗಿ ತಾನೇ ಏಳುವ ಆರ್ಗೋ ತೇಲುಯಂತ್ರಗಳೂ ಇವೆ. ಕೆಲವದರಲ್ಲಿ ಹೊಳಪು ಅಳೆಯುವ ಸೆನ್ಸರ್ ಇರುತ್ತದೆ. ಗಮನಿಸಿ, ಅದು ಬಿಸಿಲಿನ ಹೊಳಪಲ್ಲ. ಸೆನ್ಸರ್ ತನ್ನದೇ ನೀಲಿ ದೀಪ ಮಿನುಗಿಸಿ ವಾಪಸ್ ಬಂದ ಕೆಂಪನ್ನು ಅಳೆಯುತ್ತದೆ, ನಿಮ್ಮ ಟಾರ್ಚಿನ ಹಾಗೆ. ಹಗಲಿನಲ್ಲಿ ಅದರ ಅಳತೆಯೂ ಮೇಲ್ಮೈ ಹತ್ತಿರ ಕುಸಿಯುತ್ತದೆ. ಕಾರಣ ಮತ್ತದೇ ಎನ್‌ಪಿಕ್ಯೂ. ಅದಕ್ಕೇ ರಾತ್ರಿಯ ಅಳತೆಗೆ ಬೆಲೆ ಜಾಸ್ತಿ.

ರಾತ್ರಿಯ ನೀಲಿ ಹೊಳಪನ್ನು ಉಪಗ್ರಹ ಯಾವತ್ತೂ ನೋಡಿಲ್ವಾ?

ಬೀಚಿನ ಮಿನುಗನ್ನು ನೋಡಿಲ್ಲ, ಅದು ತೀರಾ ಕ್ಷಣಿಕ. ಆದರೆ ಹಾಲ್ಗಡಲು ಅಂತ ನಾವಿಕರು ಹೇಳುತ್ತಿದ್ದ ಒಂದು ವಿಚಿತ್ರ ಇದೆ. ರಾತ್ರಿಯಿಡೀ, ಮೈಲಿಗಟ್ಟಲೆ, ಅಲುಗಾಡದ ಬಿಳಿ ಬೆಳಕು. 1995ರ ಜನವರಿಯಲ್ಲಿ ಸೊಮಾಲಿಯಾ ಹತ್ತಿರ ಲಿಮಾ ಎಂಬ ಹಡಗು ಅದರೊಳಗೆ ಸಾಗಿ ಬಂದು ಬರೆದಿಟ್ಟಿತ್ತು. ಹತ್ತು ವರ್ಷದ ಮೇಲೆ ಅಮೆರಿಕದ ಹಳೇ ಹವಾಮಾನ ಉಪಗ್ರಹದ ಚಿತ್ರ ಕೆದಕಿದರೆ ಅದೇ ಜಾಗದಲ್ಲಿ ಸುಮಾರು 15,400 ಚದರ ಕಿಲೋಮೀಟರ್ ಅಗಲದ ಮಂಕು ಬೆಳಕು ಮೂರು ರಾತ್ರಿ ಇತ್ತು. 2019ರಲ್ಲಿ ಜಾವಾದ ದಕ್ಷಿಣಕ್ಕೆ ಇನ್ನೂ ದೊಡ್ಡದು ಕಂಡಿತು. ಇದರ ಹಿಂದೆ ಇರುವುದು ಹೊಳೆಯುವ ಬ್ಯಾಕ್ಟೀರಿಯಾ ಅಂತ ನಂಬಿಕೆ, ಸಸ್ಯಪ್ಲಾಂಕ್ಟನ್ ಅಲ್ಲ. ಎಫ್‌ಎಲ್‌ಎಚ್‌ಗೂ ಇದಕ್ಕೂ ನಂಟಿಲ್ಲ, ಆದರೂ ಈ ಕಥೆ ಹೇಳದೆ ಇರಲು ಆಗುವುದಿಲ್ಲ.

ನಾನೇ ಮಾಡಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ನಾಸಾದ ಓಷನ್ ಕಲರ್ ತಾಣದಲ್ಲಿ ಅಕ್ವಾ ಮೋಡಿಸ್‌ನ ತಿಂಗಳ ಸರಾಸರಿ ಕಡತಗಳು ಉಚಿತ. ಒಂದು ಕ್ಲೋರೊಫಿಲ್, ಒಂದು ಎನ್‌ಎಫ್‌ಎಲ್‌ಎಚ್, ಒಂದು ಬಿಸಿಲು, ಮೂರು ಕಡತ ಇಳಿಸಿಕೊಳ್ಳಿ. ತೆರೆಯಲು ಸೀಡ್ಯಾಸ್ ಎಂಬ ನಾಸಾದ ಸಾಫ್ಟ್‌ವೇರ್ ಸಾಕು, ಪೈಥಾನ್ ಬಂದರೆ ಇನ್ನೂ ಸಲೀಸು. ಒಸಿಎಂ ಕಡತಗಳಿಗೆ ಇಸ್ರೋದ ಭೂನಿಧಿ ತಾಣದಲ್ಲಿ ಖಾತೆ ತೆರೆಯಿರಿ.

ಮೊದಲು ಜನವರಿಯ ಅರಬ್ಬಿ ಸಮುದ್ರ ತೆಗೆದುಕೊಳ್ಳಿ, ಆಗ ಮೋಡ ಕಡಿಮೆ. ಎನ್‌ಎಫ್‌ಎಲ್‌ಎಚ್ ಅನ್ನು ಕ್ಲೋರೊಫಿಲ್‌ನಿಂದ ಭಾಗಿಸಿ ನಕ್ಷೆ ಮಾಡಿ. ಭಾಗಿಸುವ ಮುಂಚೆ ಕ್ಲೋರೊಫಿಲ್ 0.1ಕ್ಕಿಂತ ಕಡಿಮೆ ಇರುವ ಪಿಕ್ಸೆಲ್‌ಗಳನ್ನು ತೆಗೆದುಹಾಕಿ, ಇಲ್ಲದಿದ್ದರೆ ಸಣ್ಣ ಸಂಖ್ಯೆಯಿಂದ ಗದ್ದಲವನ್ನು ಭಾಗಿಸಿ ನಕ್ಷೆ ತುಂಬಾ ಕಿಡಿ ಹಾರುತ್ತದೆ. ಸೊನ್ನೆಗಿಂತ ಕಡಿಮೆ ಎನ್‌ಎಫ್‌ಎಲ್‌ಎಚ್ ಬಂದ ಪಿಕ್ಸೆಲ್‌ಗಳನ್ನು ಮಾತ್ರ ತೆಗೆಯಬೇಡಿ. ಅವೂ ಗದ್ದಲದ ಇನ್ನೊಂದು ಅರ್ಧವೇ, ತೆಗೆದರೆ ಸರಾಸರಿ ಸುಳ್ಳೇ ಮೇಲೆ ಹೋಗುತ್ತದೆ. ಆಮೇಲೆ ಆಗಸ್ಟಿನ ಕಡತ ತೆಗೆದು, ಒಮಾನ್ ಮತ್ತು ಸೊಮಾಲಿಯಾ ಕಡೆ ಮೋಡದ ತೂತಿನಲ್ಲಿ ಏನು ಉಳಿದಿದೆ ನೋಡಿ.